ಮಡ್ಲವ್ವನ ದವಡೆ

ಅಮ್ಮಯಮ್ಮನಿಗೆ ಈಚೆಗೆ ಬೆಳಿಗ್ಗೆ ಎಚ್ಚರವಾದ ಕೂಡಲೇ ದೇವರಿಗಿಂತ ಮೊದಲು ಬಾಯಿ ನೆನಪಾಗುತ್ತಿತ್ತು. ಕಣ್ಣು ಬಿಡುವುದರೊಳಗೆ ನಾಲಿಗೆ ತಾನಾಗಿ ಎಡಗೆನ್ನೆಯ ಒಳಗೆ ಹೋಗಿ, ಮುರುಕು ದವಡೆಹಲ್ಲಿನ ಪಕ್ಕದ ಗಾಯವನ್ನು ಮುಟ್ಟಿ, ಇನ್ನೂ ಇದೆ ಎಂದು ಖಾತ್ರಿ ಮಾಡಿಕೊಂಡು ಬರುತ್ತಿತ್ತು. ನೋವೇನೂ ಅಷ್ಟಿರಲಿಲ್ಲ. ನೋವಿದ್ದಿದ್ದರೆ ಮಗ ಕೆಂಪರಾಜುವಿಗೆ ಹೇಳಿಬಿಡುತ್ತಿದ್ದಳು. ನೋವು ಹೇಳಿಕೊಳ್ಳುವುದಕ್ಕೆ ಯಾರ ಭಯ? ಹೇಳಲಾಗದ್ದು ವಾಸನೆಯ ವಿಷಯ. ಯುಗಾದಿ ಆದ ಮೇಲೆ ಒಂದು ಬೆಳಿಗ್ಗೆ ಕೆಲಸದ ನಡುವೆ ಅದು ಅವಳ ಮೂಗಿಗೆ ಬಡಿದಿತ್ತು, ಕೊಳೆತ ಮಾಂಸದ ವಾಸನೆ. ಗಾಯ ಮೊದಲೇ ಇತ್ತು, ಈಗ ವಾಸನೆಯೂ ಬಂತು, ಎರಡನ್ನೂ ಕೂಡಿಸಿಕೊಳ್ಳಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಎಲೆ ಅಡಿಕೆ, ಕಡ್ಡಿಪುಡಿ ಎರಡನ್ನೂ ಅಂದೇ ಬಿಟ್ಟಳು. ಲವಂಗ ಅಗಿದಳು, ಉಪ್ಪುನೀರು ಮುಕ್ಕಳಿಸಿದಳು, ಬೇವಿನ ಕಡ್ಡಿಯಲ್ಲಿ ವಸಡು ಕೆಂಪಾಗುವ ತನಕ ಉಜ್ಜಿದಳು. ಭಾನುವಾರ ಮನೆಯಲ್ಲಿದ್ದಾಗ ಸ್ವಲ್ಪ ಕಮ್ಮಿ ಅನ್ನಿಸುತ್ತಿತ್ತು, ಅದನ್ನು ಉಪ್ಪುನೀರಿನ ಗುಣ ಎಂದುಕೊಂಡಳು. ಸೋಮವಾರ ಮತ್ತೆ ಅದೇ. ಆಸ್ಪತ್ರೆಗೆ ಹೋದರೆ ಬಾಯಿ ತೆಗೆಯಬೇಕು, ತೆಗೆದರೆ ಅವರು ಅದಕ್ಕೊಂದು ಹೆಸರು ಹೇಳುತ್ತಾರೆ. ಆ ಹೆಸರು ಅವಳಿಗೆ ಗೊತ್ತಿತ್ತು.

ವಿಜಯಪುರದಲ್ಲಿದ್ದ ಅವಳ ಅಕ್ಕ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುತ್ತಿದ್ದಳು. ಬೇಯುವ ಗೂಡಿನ, ಸತ್ತ ಹುಳುವಿನ ವಾಸನೆ ಆ ಬೀದಿಯ ಗೋಡೆಗಳಿಗೂ ಹತ್ತಿಕೊಂಡಿರುತ್ತದೆ. ಅದರ ಮರೆಯಲ್ಲಿ ಅಕ್ಕನ ಬಾಯಿ ಒಳಗೊಳಗೇ ಕೊಳೆತದ್ದು ಯಾರಿಗೂ ತಿಳಿಯಲಿಲ್ಲ, ಅಕ್ಕನಿಗೇ ತಿಳಿಯಲಿಲ್ಲ. ತಿಳಿದಾಗ ಡಾಕ್ಟರುಗಳು ಕೈಚೆಲ್ಲಿದ್ದರು. ಕೊನೆಕೊನೆಗೆ ಅಕ್ಕನನ್ನು ಹಿತ್ತಿಲ ಕೋಣೆಯಲ್ಲಿ ಮಲಗಿಸಿದ್ದರು. ಅಮ್ಮಯಮ್ಮ ನೋಡಲು ಹೋದವಳು ಹೊಸ್ತಿಲ ಹತ್ತಿರವೇ ಕೂತು, ಸೆರಗನ್ನು ಮೂಗಿಗೆ ಹಿಡಿದದ್ದು ಗೊತ್ತಾಗದಿರಲೆಂದು ಕಣ್ಣೀರು ಒರೆಸಿಕೊಂಡಂತೆ ಮಾಡಿದ್ದಳು. ಅಕ್ಕ ತಾನೇ ಬಾಯಿಗೆ ಟವಲು ಅಡ್ಡ ಇಟ್ಟುಕೊಂಡು, ಬಂದವರಿಗೆ ತೊಂದರೆ ಆಗದ ಹಾಗೆ, ಗೋಡೆಯ ಕಡೆ ಮುಖ ಮಾಡಿ ಮಾತಾಡಿದಳು. ಏನು ಮಾತಾಡಿದಳೋ, ಅದೂ ನೆನಪಿಲ್ಲ. ಟವಲಿನ ಅಂಚಿನ ಹಸಿರು ಗೆರೆ ಮಾತ್ರ ನೆನಪಿದೆ.

ಹಾಗೆ ನೋಡಿದರೆ ಅಮ್ಮಯಮ್ಮ ಬೇಸರಪಟ್ಟುಕೊಂಡು ಕೂರುವ ಹೆಂಗಸಲ್ಲ. ಯಾರಿಂದ ಏನು ಸಿಕ್ಕಿದರೂ ಹರಸದೆ ಇರಲಾರದ ಬಾಯಿ ಅವಳದು. ನಲ್ಲಿಯಲ್ಲಿ ನೀರು ಬಂದರೆ ನೀರು ಬಿಟ್ಟವನಿಗೆ, ಎಮ್ಮೆ ಸುಮ್ಮನೆ ನಿಂತು ಹಾಲು ಕೊಟ್ಟರೆ ಎಮ್ಮೆಗೆ, ಬಸ್ಸು ನಿಲ್ಲಿಸಿದರೆ ಕಂಡಕ್ಟರಿಗೆ, 'ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ' ಎಂದು ಒಂದು ಸಲವಾದರೂ ಹೇಳಬೇಕು. "ಏನಜ್ಜಿ, ಫ್ರೀ ಟಿಕೆಟ್ಟಿಗೂ ಆಶೀರ್ವಾದನಾ?" ಎಂದು ಕಂಡಕ್ಟರ್ ರೇಗಿಸುತ್ತಿದ್ದ. ಈಗ ಆ ಹರಕೆಯನ್ನೂ ಅವಳು ಸೆರಗಿನೊಳಗೇ ಗೊಣಗಿ ಮುಗಿಸುತ್ತಿದ್ದಳು. ಮನೆಯಲ್ಲಿ ತನ್ನ ಲೋಟವನ್ನು ತಾನೇ ಬೇರೆ ಇಟ್ಟುಕೊಂಡಳು. ಸೊಸೆ ಹರ್ಷಿತ ಒಳ್ಳೆಯ ಹುಡುಗಿ, "ಯಾಕತ್ತೆ, ಆ ಲೋಟ ಯಾಕೆ ಒರಳುಕಲ್ಲಿನ ಮೇಲಿಟ್ಟಿದೀರ?" ಎಂದು ಕೇಳಿದಾಗ "ಅದು ನನ್ ಕೈಗೆ ಒಗ್ಗಿದ್ ಲೋಟ ಕಣೆ" ಎಂದು ಹಾರಿಸಿದ್ದಳು. ಆದರೆ ಒಂದು ಸಂಜೆ ಕೆಲಸದಿಂದ ಬಂದು, ಕಾಲು ತೊಳೆಯುವುದಕ್ಕೂ ಮೊದಲೇ ಮೊಮ್ಮಗಳು ಸಿಂಚನಳನ್ನು ಎತ್ತಿಕೊಳ್ಳಲು ಹೋದರೆ ಮಗು ಮುಖ ತಿರುಗಿಸಿ, "ಅಜ್ಜಿ ಗಬ್ಬು" ಎಂದುಬಿಟ್ಟಿತು. ಸೊಸೆ ಮಗುವಿನ ಬೆನ್ನಿಗೆ ಒಂದು ಕೊಟ್ಟಳು. ಮಗುವಿಗೆ ಹೊಡೆದದ್ದು ಅಮ್ಮಯಮ್ಮನಿಗೆ ಇನ್ನಷ್ಟು ಅವಮಾನವಾಯಿತು; ಅಂದರೆ ಎಲ್ಲರಿಗೂ ಗೊತ್ತಿದೆ, ಮಗುವಿಗೆ ಮಾತ್ರ ಮುಚ್ಚಿಡಲು ಬರಲಿಲ್ಲ. ಅಂದಿನಿಂದ ಅವಳು ಹಾಸಿಗೆಯನ್ನು ಬಾಗಿಲ ಹತ್ತಿರ ಎಳೆದುಕೊಂಡಳು. ಗಾಳಿ ಬರುತ್ತೆ ಎಂದಳು.

ಹೀಗಿದ್ದಾಗ ಅವಳಿಗೆ ನೆಮ್ಮದಿಯ ಜಾಗ ಎಂದರೆ ತೋಟವೇ. ತೂಬಗೆರೆಯಿಂದ ಒಳಗೆ ಮಣ್ಣುರಸ್ತೆಯಲ್ಲಿ ನಡೆದರೆ ಸಿಗುವ ಆ ತೋಟದಲ್ಲಿ ಬೆಂಗಳೂರಿನ ಧಣಿಯೊಬ್ಬರು ಪರದೇಶದ ಪ್ರಾಣಿಪಕ್ಷಿಗಳನ್ನು ಸಾಕಿದ್ದರು. ಬಣ್ಣದ ಗಿಳಿಗಳು, ಕುಳ್ಳ ಕುದುರೆ, ಮತ್ತೆ ತಂತಿಬೇಲಿಯ ಒಂದು ಅಂಗಳದಲ್ಲಿ ವಾಲಬಿಗಳು. ಕಾಂಗರೂವಿನ ಸಣ್ಣ ಜಾತಿ ಎಂದು ಮೇಲ್ವಿಚಾರಕ ನವೀನ್‌ಕುಮಾರ್ ಬಂದ ಅತಿಥಿಗಳಿಗೆಲ್ಲ ಹೇಳುತ್ತಿದ್ದ. ಅಮ್ಮಯಮ್ಮನ ಕೆಲಸ ಅವುಗಳ ಹಿಕ್ಕೆ ಗುಡಿಸುವುದು, ಕುದುರೆಮೆಂತೆ ಸೊಪ್ಪು ಕೊಯ್ದು ಹಾಕುವುದು, ನೀರಿನ ತೊಟ್ಟಿ ಉಜ್ಜುವುದು. ಮೊದಲು ಬಂದಾಗ ಮುಂಗೈ ಮಡಚಿಕೊಂಡು ಎದ್ದು ನಿಂತ ಆ ಮುಖಗಳನ್ನು ನೋಡಿ ಅವಳಿಗೆ ನಗು ಬಂದಿತ್ತು. ಮದುವೆ ಮನೆಯಲ್ಲಿ ಎಲೆ ಹಾಕುವುದನ್ನು ಕಾಯುತ್ತ ನಿಂತ ದೂರದ ನೆಂಟರ ಹಾಗಿದ್ದವು. ಅದರಲ್ಲಿ ಒಂದು ಹೆಣ್ಣು, ಹೊಟ್ಟೆಯ ಚೀಲದಲ್ಲಿ ಮರಿ ಇಟ್ಟುಕೊಂಡದ್ದು, ಅವಳ ಹತ್ತಿರಕ್ಕೇ ಬಂದು ಸೊಪ್ಪು ತಿನ್ನುತ್ತಿತ್ತು. ಮಡಿಲಲ್ಲೇ ಮಗುವನ್ನು ಹೊತ್ತು ತಿರುಗುವ ಅದಕ್ಕೆ ಮಡ್ಲವ್ವ ಎಂದು ಹೆಸರಿಟ್ಟಳು. ಅವುಗಳ ಮುಂದೆ ಬಾಯಿ ಮುಚ್ಚಿಕೊಳ್ಳಬೇಕಾಗಿರಲಿಲ್ಲ. ಹಿಕ್ಕೆ, ಗಂಜಳ, ಬಾಡಿದ ಸೊಪ್ಪು, ಇವುಗಳ ನಡುವೆ ತನ್ನ ಒಂದು ವಾಸನೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಾಗಲೆಲ್ಲ ವಿಜಯಪುರದ ಬೀದಿ ಕಣ್ಣ ಮುಂದೆ ಬರುತ್ತಿತ್ತು, ಅವಳು ಪೊರಕೆಯನ್ನು ಇನ್ನೂ ಬಿರುಸಾಗಿ ಆಡಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಬೇಲಿಯ ಬಾಗಿಲು ತೆಗೆದಾಗ ವಾಸನೆ ಎಂದಿಗಿಂತ ಜೋರಾಗಿ ಬಂತು. ತನ್ನದು ಹೆಚ್ಚಾಗಿದೆ ಎಂದುಕೊಂಡು ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡಳು. ನೆರಳಿನಲ್ಲಿ ಮಡ್ಲವ್ವ ಗೂನುಬೆನ್ನು ಮಾಡಿಕೊಂಡು ಕೂತಿತ್ತು, ಕರೆದರೆ ಬರಲಿಲ್ಲ. ಬಾಯಿಯ ಪಕ್ಕದಿಂದ ಒಂದು ಸೊಪ್ಪಿನ ಎಸಳು ನೇತಾಡುತ್ತಿತ್ತು, ಗದ್ದದ ಕೂದಲು ಜೊಲ್ಲಿನಿಂದ ಒದ್ದೆಯಾಗಿತ್ತು. ಹೋದ ವಾರವೂ ಅದು ಸೊಪ್ಪನ್ನು ಬಾಯಿಗೆ ಹಾಕಿಕೊಂಡು ಹಾಗೇ ಬೀಳಿಸಿದ್ದನ್ನು ಅವಳು ನೋಡಿದ್ದಳು. ಬಿಸಿಲಿಗೆ ಮೇವು ಸೇರುತ್ತಿಲ್ಲ ಎಂದುಕೊಂಡಿದ್ದಳು. ಈಗ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತರೆ ದವಡೆಯ ಒಂದು ಬದಿ ನಿಂಬೆಹಣ್ಣಿನಷ್ಟು ಊದಿರುವುದು ಕಾಣಿಸಿತು. ವಾಸನೆ ಮುಖಕ್ಕೆ ರಾಚಿತು. ಪ್ರಾಣಿಗೂ ತನ್ನ ಬಾಯಿಯ ವಾಸನೆ ತಗುಲುತ್ತದಲ್ಲ ಎಂದು ನಾಚಿ, ಎದ್ದು, ಬೇಲಿಯ ತನಕ ಹಿಂದೆ ಸರಿದಳು. ವಾಸನೆ ಕಡಿಮೆಯಾಯಿತು. ಅವಳು ಹಾಗೇ ನಿಂತಳು. ಮತ್ತೆ ಹತ್ತಿರ ಹೋದಳು, ಬಂತು. ಮತ್ತೆ ಬೇಲಿಗೆ ಬಂದಳು, ಹೋಯಿತು. ತನ್ನ ಬಾಯಿ ತನ್ನ ಜೊತೆಗೇ ಬರಬೇಕಲ್ಲ? ಅತ್ತ ಇತ್ತ ಹೀಗೆ ಓಡಾಡುವ ಮುದುಕಿಯನ್ನು ಉಳಿದ ವಾಲಬಿಗಳು ಕಿವಿ ನಿಮಿರಿಸಿ ನೋಡುತ್ತಿದ್ದವು.

ಮೊದಲು ಅವಳಿಗೆ ಆದದ್ದು ಸಂತೋಷ. ಅದು ಅಲ್ಲಿಂದ ಬರುತ್ತಿದೆ, ತನ್ನಿಂದಲ್ಲ. ಆ ಸಂತೋಷ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಯುಗಾದಿಯಿಂದ ಅದು ಅಲ್ಲಿಂದಲೇ ಬರುತ್ತಿದ್ದರೆ ಯುಗಾದಿಯಿಂದ ಆ ಮೂಕಪ್ರಾಣಿ ಬಾಯಿ ಕೊಳೆಸಿಕೊಂಡು ಅವಳ ಕಣ್ಣ ಮುಂದೆಯೇ ಕೂತಿದೆ, ಅವಳು ಲವಂಗ ಅಗಿಯುತ್ತ ಅದರ ಸುತ್ತಲೂ ಗುಡಿಸಿದ್ದಾಳೆ. ಮತ್ತೆ ಅನುಮಾನ: ಅದರದ್ದೂ ಇರಬಹುದು, ತನ್ನದೂ ಇರಬಹುದು. ಎರಡು ಬಾಯಿ ಇರುವಾಗ ಒಂದರದ್ದೇ ಎಂದು ಹೇಗೆ ಹೇಳುವುದು? ತನ್ನ ಮೂಗಿನ ಮೇಲೆ ತನಗೇ ನಂಬಿಕೆ ಹೋಗಿ ಎಷ್ಟೋ ದಿನವಾಗಿತ್ತು. ಪೊರಕೆ ಬಿಸಾಕಿ ನವೀನ್‌ಕುಮಾರನ ಆಫೀಸಿನ ಕಡೆಗೆ ಓಡಿದಳು.

"ನವೀನಪ್ಪ, ಮಡ್ಲವ್ವಂಗೆ ದವಡೆ ಊದೈತೆ. ಜಲ್ದಿ ಡಾಕ್ಟ್ರಿಗೆ ಫೋನ್ ಮಾಡು."

"ಯಾವ ಮಡ್ಲವ್ವ?" ಎಂದ ಅವನು. ಹೇಳಿದ ಮೇಲೆ ಮುಖ ಸಪ್ಪಗಾಯಿತು. "ಅದ್ರ ಹೊಟ್ಟೇಲಿ ಮರಿ ಬೇರೆ ಅದೆ. ಧಣಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ ಕಣಮ್ಮೋ."

ದೊಡ್ಡಬಳ್ಳಾಪುರದಿಂದ ಡಾಕ್ಟರ್ ಸಂಘಮಿತ್ರ ತಾನೇ ಕಾರು ಓಡಿಸಿಕೊಂಡು ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು, ಪ್ಯಾಂಟಿನ ಕಾಲನ್ನು ಬೂಟಿನೊಳಗೆ ತೂರಿಸಿಕೊಂಡಿದ್ದಳು. ಬೇಲಿಯೊಳಕ್ಕೆ ಕಾಲಿಟ್ಟವಳೇ ನಿಂತು ಮೂಗೆಳೆದಳು. ಆ ಮೂಗೆಳೆತಕ್ಕೆ ಅಮ್ಮಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ಸಂಘಮಿತ್ರ ಮಡ್ಲವ್ವನ ಊದಿದ ದವಡೆಯನ್ನು ದೂರದಿಂದಲೇ ನೋಡಿ, ನೆಲದ ಮೇಲೆ ಹರಡಿದ್ದ ಒಣಹುಲ್ಲನ್ನೂ ಅದರೊಳಗೆ ಬೆರೆತ ಹಿಕ್ಕೆಯನ್ನೂ ಬೂಟಿನ ತುದಿಯಿಂದ ಸರಿಸಿದಳು.

"ಲಂಪಿ ಜಾ ಅಂತೀವಿ. ವಾಲಬಿಗಳಿಗೆ ಬಾಳ ಕೆಟ್ಟದ್ದು ಇದು."

"ಲಂಪೀನಾ? ಹಸುಗಳಿಗೆ ಬಂದಿತ್ತಲ್ಲ ಮೇಡಂ, ಮೈಯೆಲ್ಲಾ ಗಂಟು?" ಎಂದ ನವೀನ್‌ಕುಮಾರ್.

"ಅದು ಚರ್ಮದ್ದು, ಇದು ದವಡೇದು. ಒರಟು ಹುಲ್ಲಿನ ಕಡ್ಡಿ ವಸಡಿಗೆ ಚುಚ್ಚುತ್ತೆ, ಹಿಕ್ಕೇಲಿರೋ ಬ್ಯಾಕ್ಟೀರಿಯಾ ಆ ಗಾಯಕ್ಕೆ ಸೇರುತ್ತೆ. ಒಳಗೊಳಗೇ ಮೂಳೆ ತಿಂದುಬಿಡುತ್ತೆ. ಹುಲ್ಲು ಯಾಕೆ ನೆಲದ ಮೇಲೆ ಹಾಕ್ಸಿದೀರಿ? ಮೇವು ತುಂಬೋಕೆ ಜಾಲರಿ ಇದೆಯಲ್ಲ."

ಅತಿಥಿಗಳಿಗೆ ಫೋಟೋ ಚೆನ್ನಾಗಿ ಬರಲೆಂದು ನವೀನ್‌ಕುಮಾರನೇ ಹಾಗೆ ಮಾಡಿಸಿದ್ದ. ಅವನು ಬಗ್ಗಿ ಕೈಯಿಂದಲೇ ಹುಲ್ಲು ಬಾಚತೊಡಗಿದ. ಸಂಘಮಿತ್ರ ಕೇಳಿದಳು, "ಯಾವಾಗಿಂದ ಈ ವಾಸನೆ?"

"ಇವತ್ತೇ ಮೇಡಂ. ಬೆಳಿಗ್ಗೆ ಅಮ್ಮಯಮ್ಮ ನೋಡಿ ಹೇಳಿದ್ಲು."

"ಇವತ್ತಿನ ವಾಸನೆ ಅಲ್ಲ ಇದು. ದಿನಾ ಒಳಗೆ ಬರೋರು ಯಾರು? ನೀವೇ ಅಲ್ವಾ ಅಮ್ಮ? ನಿಮಗೆ ಗೊತ್ತಾಗ್ಲಿಲ್ವಾ?"

ಅಮ್ಮಯಮ್ಮ ಸೆರಗಿನೊಳಗೆ ತಲೆಯಾಡಿಸಿದಳು. ಅದು ಹೌದೆಂದೂ ಆಗಬಹುದು, ಇಲ್ಲವೆಂದೂ ಆಗಬಹುದು. ಉತ್ತರ ಅವಳ ಬಾಯೊಳಗೇ ಇತ್ತು. ಅದನ್ನು ಹೇಳಬೇಕಾದರೆ ಬಾಯಿ ತೆಗೆಯಬೇಕು, ತೆಗೆದು, ಈ ಓದಿದ ಹುಡುಗಿಯ ಎದುರು, ಈ ನವೀನಪ್ಪನ ಎದುರು, ನನ್ನದೆಂದುಕೊಂಡಿದ್ದೆ ಎನ್ನಬೇಕು. ಸಂಘಮಿತ್ರ ಮತ್ತೆ ಕೇಳಲಿಲ್ಲ. ಕೇಳದೆ ಬಿಟ್ಟದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಚುಚ್ಚುವುದಕ್ಕೆ ಯಾರಾದರೂ ಪ್ರಾಣಿಯನ್ನು ಹಿಡಿಯಬೇಕಿತ್ತು. ಓಡಿಸಿ ಹಿಡಿದರೆ ಗಾಬರಿಗೆ ಚೀಲದ ಮರಿಯನ್ನು ಹೊರಗೆ ಎಸೆದುಬಿಡುತ್ತವೆ, ಹಾಗಾದರೆ ಮರಿ ಉಳಿಯುವುದಿಲ್ಲ ಎಂದಳು ಸಂಘಮಿತ್ರ. ಆಗ ಅಮ್ಮಯಮ್ಮ ಹೋಗಿ ಮಡ್ಲವ್ವನ ಪಕ್ಕದಲ್ಲಿ ಕೂತು, ದಿನವೂ ಕೂರುವ ಹಾಗೆ, ಅದರ ಬೆನ್ನಿನ ಮೇಲೆ ಕೈಯಾಡಿಸಿದಳು. ಅದು ಅವಳ ತೊಡೆಗೆ ಒರಗಿತು. ಸೂಜಿ ಒಳಹೋದಾಗ ಒಮ್ಮೆ ನಡುಗಿತು, ಅಷ್ಟೆ. ಇಷ್ಟು ನಂಬಿದೆಯಲ್ಲ ಇದು ನನ್ನನ್ನು, ಎಂದುಕೊಂಡಾಗ ಅವಳಿಗೆ ಅಳು ಬಂತು. ಅದಕ್ಕೆ ಪ್ರಜ್ಞೆ ತಪ್ಪಿದ ಮೇಲೆ ಅಂಗಳಕ್ಕೇ ತರಿಸಿದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿದರು. ಅಮ್ಮಯಮ್ಮ ತಲೆಯನ್ನು ಎರಡು ಕೈಯಲ್ಲಿ ಹಿಡಿದಳು. ಸಂಘಮಿತ್ರ ಸಣ್ಣ ಇಕ್ಕಳದಿಂದ ಬಾಯಿ ಅಗಲಿಸಿ ಟಾರ್ಚು ಬಿಟ್ಟಳು. ನವೀನ್‌ಕುಮಾರ್ ಒಳಗೆ ಒಂದು ಸಲ ನೋಡಿ, ಫೋನು ಬಂತೆಂದು ಹೊರಗೆ ಹೋದವನು ಆಮೇಲೆ ಬೇಲಿಯ ಆಚೆಯೇ ನಿಂತುಕೊಂಡ.

ಅವಳು ಮಾತ್ರ ನೋಡಿದಳು. ನೋಡಲೇಬೇಕು ಅನ್ನಿಸಿತು. ವಸಡು ಕಪ್ಪಾಗಿ ಹರಿದಿತ್ತು, ಎರಡು ಹಲ್ಲು ಅಲ್ಲಾಡುತ್ತಿದ್ದವು, ಒತ್ತಿದರೆ ಕೀವು ಬೂದುಬಣ್ಣದಲ್ಲಿ ಬರುತ್ತಿತ್ತು. ಅಕ್ಕನ ಟವಲಿನ ಹಿಂದೆ ಇದ್ದದ್ದು ಇದೇ ಇರಬೇಕು. ಅಂದು ಆ ಟವಲನ್ನು ಸರಿಸಿ ನೋಡುವಷ್ಟು ಧೈರ್ಯ ತನಗಿರಲಿಲ್ಲ. ಸಂಘಮಿತ್ರ ಅಸಹ್ಯಪಟ್ಟುಕೊಳ್ಳದೆ, ಅವಸರಪಡದೆ, ಮುಖವನ್ನು ಅಷ್ಟು ಹತ್ತಿರ ಬಗ್ಗಿಸಿ, ಹಲ್ಲು ಕಿತ್ತು, ಸತ್ತ ಮೂಳೆಯನ್ನು ಕೆರೆದು, ಔಷಧಿಯ ನೀರಿನಿಂದ ಮತ್ತೆ ಮತ್ತೆ ತೊಳೆದಳು. ನಡುನಡುವೆ ಚೀಲದ ಮೇಲೆ ಕೈಯಿಟ್ಟು, "ಮರಿ ಆಡ್ತಿದೆ" ಎಂದು ತನಗೇ ಹೇಳಿಕೊಂಡಳು. ಯಾರ ಮಗಳೋ ಇವಳು, ಎಂದುಕೊಂಡಳು ಅಮ್ಮಯಮ್ಮ. ಯಾರು ಹೆತ್ತರೋ, ಯಾರು ಓದಿಸಿದರೋ, ಯಾವತ್ತೂ ಕಾಣದ ದೇಶದ ಪ್ರಾಣಿಯ ಕೀವನ್ನು ಹೀಗೆ ತೊಳೆಯಬೇಕೆಂದು ಇವಳಿಗೆ ಯಾರು ಹೇಳಿಕೊಟ್ಟರೋ. ಅವರೆಲ್ಲರಿಗೂ ಒಂದೊಂದಾಗಿ ಕೈಮುಗಿಯಬೇಕು ಅನ್ನಿಸಿತು, ಆದರೆ ಕೈಯಲ್ಲಿ ಮಡ್ಲವ್ವನ ತಲೆ ಇತ್ತು.

ಎಲ್ಲ ಮುಗಿಸಿ, ಪರೀಕ್ಷೆಗೆಂದು ಹಿಕ್ಕೆಯನ್ನು ಡಬ್ಬಿಗೆ ತುಂಬಿಕೊಂಡು, ಹುಳುವಿದ್ದರೆ ಅದಕ್ಕೂ ಔಷಧಿ ಕೊಡಬೇಕು, ಸೊರಗಿದ ಪ್ರಾಣಿಗೆ ಎಲ್ಲ ರೋಗವೂ ಸಲೀಸು ಎಂದು ಹೇಳಿ ಸಂಘಮಿತ್ರ ನಲ್ಲಿಯ ಹತ್ತಿರ ಕೈ ತೊಳೆಯಲು ಹೋದಳು. ಮಡ್ಲವ್ವ ನೆರಳಿನಲ್ಲಿ ಗೋಣಿಯ ಮೇಲೆ ಮಲಗಿತ್ತು.

"ಬದುಕ್ತದಾ ಡಾಕ್ಟ್ರಮ್ಮ?" ಎಂದಳು ಅಮ್ಮಯಮ್ಮ, ಸೆರಗಿನೊಳಗಿಂದ.

"ಬದುಕಬಹುದು. ದಿನಾ ಇಂಜೆಕ್ಷನ್ ಬೇಕು. ಈ ಕಾಯಿಲೆ ಹೋಯ್ತು ಅಂದ್ಕೊಂಡ್ರೂ ಮತ್ತೆ ಬರುತ್ತೆ, ನಿಗಾ ಇಡ್ಬೇಕು. ಮೊದಲೇ ಗೊತ್ತಾಗಿದ್ರೆ ಮೂಳೆಗೆ ಇಳೀತಿರ್ಲಿಲ್ಲ. ನಿಮ್ಮನ್ನ ಬೈಯ್ಯೋದಕ್ಕೆ ಕೇಳ್ಲಿಲ್ಲ ಅಮ್ಮ, ಮುಂದಕ್ಕೆ ಬೇಗ ಗೊತ್ತಾಗ್ಲಿ ಅಂತ."

ಇವಳು ಹೀಗೆ ಮೆತ್ತಗೆ ಹೇಳದಿದ್ದರೆ ಅಮ್ಮಯಮ್ಮ ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದಳು, ಆ ಸಂಜೆಯ ಬಸ್ಸು ಹಿಡಿದು ತನ್ನ ಬಾಯಿಯನ್ನು ತಾನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಳು. ಬೈಗುಳವನ್ನು ನುಂಗುವುದು ಅವಳಿಗೆ ಅಭ್ಯಾಸವಾಗಿತ್ತು. ಈ ದಯೆಯನ್ನು ನುಂಗಲು ಆಗಲಿಲ್ಲ.

"ಗೊತ್ತಾಗಿತ್ತು ಕಣವ್ವಾ," ಎಂದಳು. "ಯುಗಾದಿ ಆದಾಗಿಂದ ಗೊತ್ತಾಗಿತ್ತು. ನಂದು ಅಂದ್ಕೊಂಡ್ಬಿಟ್ಟಿದ್ದೆ."

"ನಿಮ್ಮದು ಅಂದ್ರೆ?"

"ನನ್ ಬಾಯಿದು. ನನ್ ಬಾಯಾಗೂ ಒಂದು ಗಾಯ ಆಗೈತೆ. ನಾನೇ ನಾರ್ತಿವ್ನಿ ಅಂತ ಲವಂಗ ಅಗ್ಕೊಂಡು ಅದ್ರ ಸುತ್ತಾನೇ ತಿರುಗ್ದೆ. ಯಾರ್ಗೂ ಹೇಳ್ಲಿಲ್ಲ. ನನ್ ನಾಚ್ಕೆಗೆ ಅದ್ರ ದವಡೆ ಹೋಯ್ತು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಸಂಘಮಿತ್ರ ಅದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಹೊಸ ಕೈಗವಸನ್ನು ಹಾಕಿಕೊಂಡಳು. ಅಮ್ಮಯಮ್ಮನ ಭುಜ ಹಿಡಿದು ತೊಟ್ಟಿಯ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸಿದಳು.

"ನಾನು ದನದ ಡಾಕ್ಟ್ರು, ನನ್ನ ಮಾತೇ ಕೊನೆ ಅಲ್ಲ. ಆದ್ರೂ ನೋಡ್ತೀನಿ. ಸೆರಗು ತೆಗೀರಿ. ಬಾಯಿ ತೆಗೀರಿ."

"ಬ್ಯಾಡ ಕಣವ್ವಾ. ನಿಂಗೆ ವಾಕರಿಕೆ ಬತ್ತದೆ."

"ಈಗ ತಾನೇ ಅದನ್ನ ತೊಳೆದು ಬಂದಿದೀನಿ ಅಮ್ಮ. ತೆಗೀರಿ."

ಅಮ್ಮಯಮ್ಮ ಕಣ್ಣು ಮುಚ್ಚಿ ಬಾಯಿ ತೆರೆದಳು. ಬಿಸಿಲು ನಾಲಿಗೆಯ ಮೇಲೆ ಬಿತ್ತು. ಹುಡುಗಿಯ ಬೆರಳು ಕೆನ್ನೆಯನ್ನು ಒಳಗಿನಿಂದ ಸರಿಸಿ, ಗಾಯದ ಅಂಚನ್ನು ಮುಟ್ಟಿ, ಮುರುಕು ಹಲ್ಲಿನ ಮೊನೆಯ ಮೇಲೆ ಹರಿದು ನಿಂತಿತು. ಆಮೇಲೆ ಇನ್ನೂ ಹತ್ತಿರ ಬಂದಳು. ಎಷ್ಟು ಹತ್ತಿರವೆಂದರೆ ಅವಳ ಉಸಿರು ಅಮ್ಮಯಮ್ಮನ ಮೇಲ್ದುಟಿಗೆ ತಗುಲುತ್ತಿತ್ತು. ಇಷ್ಟು ಹತ್ತಿರಕ್ಕೆ ಯಾರಾದರೂ ಬಂದು, ಅಥವಾ ತಾನು ಯಾರನ್ನಾದರೂ ಬರಗೊಟ್ಟು, ಎಷ್ಟು ದಿನವಾಯಿತೋ. ಬೆಳಿಗ್ಗೆ ಬೇಲಿಯ ಬಾಗಿಲಲ್ಲಿ ನಿಂತು ಮೂಗೆಳೆದ ಹಾಗೆಯೇ ಸಂಘಮಿತ್ರ ಒಮ್ಮೆ ಜೋರಾಗಿ ಮೂಗೆಳೆದಳು.

"ವಾಸನೆ ಏನೂ ಇಲ್ಲ ಅಮ್ಮ," ಎಂದಳು ಸಂಘಮಿತ್ರ. "ಲವಂಗದ ವಾಸನೆ, ಅಷ್ಟೇ. ಆ ಕೊಳೆತ ವಾಸನೆಯೆಲ್ಲ ಅದರದ್ದೇ. ನಿಮ್ಮ ಬಟ್ಟೆಗೆ ಹತ್ತಿರುತ್ತೆ, ನನ್ನ ಬಟ್ಟೆಗೂ ಹತ್ತಿದೆ ನೋಡಿ. ಆದ್ರೆ ಗಾಯ ಇದೆ. ಮುರುಕು ಹಲ್ಲು ತಾಗಿ ತಾಗಿ ಆಗಿರಬಹುದು, ಬೇರೆ ಏನಾದ್ರೂ ಇರಬಹುದು. ಹಲ್ಲಿನ ಕರೆ ನೋಡಿದ್ರೆ ಕಡ್ಡಿಪುಡಿ ಹಾಕಿರೋ ಬಾಯಿ, ಹಾಗೇ ಬಿಡೋ ಹಾಗಿಲ್ಲ. ನನ್ನ ಗೆಳತಿ ಹಲ್ಲಿನ ಡಾಕ್ಟ್ರು, ದೊಡ್ಡಬಳ್ಳಾಪುರದಲ್ಲೇ ಇದಾಳೆ. ಈಗ್ಲೇ ನನ್ನ ಕಾರಲ್ಲಿ ಹೋಗೋಣ. ಇನ್ನೂ ಚಿಕ್ಕದಿದೆ, ಹೊತ್ತು ಮೀರಿಲ್ಲ."

ಇದೆ ಎಂದದ್ದೂ ಕೇಳಿಸಿತು, ಇಲ್ಲ ಎಂದದ್ದೂ ಕೇಳಿಸಿತು. ಏನಿದೆಯೋ ಅದಕ್ಕೆ ಹೆದರಬೇಕಿತ್ತು. ಹೆದರಿಕೆ ಇತ್ತು ಕೂಡ, ಆದರೆ ಅದು ಈಗ ಬೇರೆಯವರೂ ನೋಡಿದ ಹೆದರಿಕೆ. ಗೋಣಿಯ ಮೇಲೆ ಮಡ್ಲವ್ವ ಕಿವಿ ಅಲ್ಲಾಡಿಸಿ, ಓಲಾಡುತ್ತ ಎದ್ದು ಕೂತಿತ್ತು. ಅದು ಹೀಗೆ ಕೊಳೆಯದಿದ್ದರೆ ತಾನು ಈ ಬಿಸಿಲಿನಲ್ಲಿ ಹೀಗೆ ಕೂರುತ್ತಿರಲಿಲ್ಲ. ಅದಕ್ಕೆ ಏನು ಹೇಳಬೇಕೋ, ಯಾವ ಮಾತು ಸಾಕಾಗುತ್ತದೋ ಅವಳಿಗೆ ತಿಳಿಯಲಿಲ್ಲ. ಕಣ್ಣಿನಿಂದ ನೀರು ಇಳಿದು ತುಟಿಯ ಮೂಲೆಗೆ ಬಂತು.

"ನೋಡಿ ಆಯ್ತು ಅಮ್ಮ," ಎಂದಳು ಸಂಘಮಿತ್ರ, ಕೈಗವಸು ಬಿಚ್ಚುತ್ತ. "ಇನ್ನು ಬಾಯಿ ಮುಚ್ಚಬಹುದು."

ಅಮ್ಮಯಮ್ಮ ಇನ್ನೂ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ಕೂತಿದ್ದಳು.